ಉದ್ದನೆ ಹೊಲ ಮಾರಿದವನು

ಬಾಗಿಲು ತೆರೆದ ಐಲ್ಸಾ ಅಲ್ಲೇ ಕಲ್ಲಾದಳು.

ಮೆಟ್ಟಿಲ ಮೇಲೆ ಗ್ರೆಗರ್ ಲೋಗನ್!

ಹೆಗಲಲ್ಲೊಂದು ಚೀಲ. ಕಿವಿಯ ಪಕ್ಕ ನರೆತ ಕೂದಲು. ಸಮುದ್ರದ ಗಾಳಿ ಉಜ್ಜಿ ಉಜ್ಜಿ ಕೆಂಪಾಗಿಸಿದ ಮುಖ. ತಾನು ಹುಟ್ಟಿ ಬೆಳೆದ ಮನೆಯ ಬಾಗಿಲನ್ನೇ ತಟ್ಟಿ, ಯಾರೋ ನೆಂಟನಂತೆ ಕಾದು ನಿಂತಿದ್ದ.

ಅವನೂ ಅವಳನ್ನು ನಿರೀಕ್ಷಿಸಿರಲಿಲ್ಲ. ಅವನ ಕಣ್ಣು ಅವಳ ಮುಖದಿಂದ ಜಾರಿ, ಅವಳು ಕಟ್ಟಿಕೊಂಡಿದ್ದ ಹೂವಿನ ಏಪ್ರನ್ ಮೇಲೆ ನಿಂತಿತು. ಅದು ಅವನ ತಾಯಿಯದು.

"ನೀವಾ..." ಅಂದ.

ನೀವು!

ಐಲ್ಸಾಳ ಎದೆಗೆ ಯಾರೋ ಗುದ್ದಿದಂತಾಯಿತು. ಒಂದು ಕಾಲಕ್ಕೆ ಹೊಲದ ಆ ತುದಿಯಿಂದ ಈ ತುದಿಗೆ ಕೇಳುವಂತೆ "ಐಲ್ಸಾ, ಬಾರೇ ಇಲ್ಲಿ!" ಎಂದು ಕೂಗುತ್ತಿದ್ದ ಬಾಯಿ ಅದು.

"ಎಫಿ ಅಮ್ಮನ ಬಟ್ಟೆ ತೆಗೆದಿಡೋಕೆ ಬಂದಿದ್ದೆ," ಎಂದಳು. "ಶುಕ್ರವಾರಕ್ಕೆ... ಅವರಿಗೆ ಉಡಿಸೋಕೆ. ನೀಲಿ ಉಡುಪು ಸಾಕಾ ಅಂತ..."

"ನೀಲಿಯೇ ಇರಲಿ. ಚರ್ಚಿಗೆ ಅದನ್ನೇ ಹಾಕ್ಕೊಂಡು ಹೋಗ್ತಿದ್ದಳು."

"ಒಳಗೆ ಬನ್ನಿ" ಎನ್ನಲು ಬಾಯಿ ತೆರೆದವಳು ತಡೆದಳು. ಅವನ ಮನೆಗೆ ಅವನನ್ನೇ ಕರೆಯಲು ಅವಳ್ಯಾರು? ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಎಫಿ ಲೋಗನ್ ಎರಡು ದಿನದ ಹಿಂದೆ ನಿದ್ದೆಯಲ್ಲೇ ತೀರಿಕೊಂಡಿದ್ದರು. ಊರಿನ ವಯಸ್ಸಾದವರ ಮನೆಗಳಿಗೆ ಹೋಗಿ ಆರೈಕೆ ಮಾಡುವುದು ಐಲ್ಸಾಳ ಕೆಲಸ. ಕೊನೆಯ ಮೂರು ವರ್ಷ ಎಫಿಗೆ ಸ್ನಾನ ಮಾಡಿಸಿದ್ದು, ತಲೆ ಬಾಚಿದ್ದು, ಗಂಜಿ ಕುಡಿಸಿದ್ದು ಅವಳೇ. ಮಗ ಮಾತ್ರ ದೂರದ ಆರ್ಕ್ನಿ ದ್ವೀಪದಲ್ಲಿ ಹಡಗಿನ ಕೆಲಸಕ್ಕಿದ್ದ. ಭಾನುವಾರ ತಪ್ಪದೆ ಫೋನ್ ಮಾಡುತ್ತಿದ್ದ. ಊರಿಗೆ ಕಾಲಿಟ್ಟಿರಲಿಲ್ಲ.

ಗ್ರೆಗರ್ ಅಡುಗೆಮನೆಯ ಕುರ್ಚಿಯಲ್ಲಿ ಕೋಟು ಬಿಚ್ಚದೇ ಕೂತ. ಅವಳು ಟೀ ಮಾಡಿಟ್ಟಳು. ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದನೇ ಹೊರತು ಕುಡಿಯಲಿಲ್ಲ.

"ತುಂಬಾ ಉಪಕಾರ ಮಾಡಿದ್ದೀರಿ. ನೀವಿನ್ನು ಹೊರಡಿ, ಮನೇಲಿ ಕಾಯ್ತಿರ್ತಾರೆ."

"ಯಾರು?"

"ನಿಮ್ಮ ಯಜಮಾನರು. ಆ ಮೇಷ್ಟ್ರು..."

ಐಲ್ಸಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆ ಮೇಷ್ಟ್ರು ನನ್ನ ಜೊತೆ ಮೂರು ಸಲ ಊಟಕ್ಕೆ ಬಂದು, ಮೂರು ಸಲವೂ ಅವರಮ್ಮನ ಬಗ್ಗೆನೇ ಮಾತಾಡಿದ್ರು. ಅಲ್ಲಿಗೆ ಮುಗೀತು. ನನಗೆ ಮದುವೆ ಆಗಿಲ್ಲ. ಎಫಿ ಅಮ್ಮ ಹೇಳಿರ್ಲಿಲ್ವಾ?"

"ಮೇಷ್ಟ್ರ ಜೊತೆ ಓಡಾಡ್ತೀರಿ ಅಂತ ಅಮ್ಮ ಅಂದ ದಿನವೇ, ನಿಮ್ಮ ಸುದ್ದಿ ನನ್ನ ಹತ್ತಿರ ಎತ್ತಲೇಬೇಡ ಅಂದಿದ್ದೆ." ಅವನು ಬಟ್ಟಲು ಕೆಳಗಿಟ್ಟ. "ಅವಳು ಮಾತು ಉಳಿಸ್ಕೊಂಡಳು."

ಸಾವಾದ ಮನೆಯ ಪದ್ಧತಿಯಂತೆ ಗೋಡೆ ಗಡಿಯಾರವನ್ನು ಐಲ್ಸಾ ತಾನೇ ನಿಲ್ಲಿಸಿದ್ದಳು. ಅದರ ಸದ್ದೂ ಇರಲಿಲ್ಲ.

ಇಷ್ಟು ವರ್ಷ ಇವನು ನನ್ನನ್ನು ಇನ್ನೊಬ್ಬನ ಹೆಂಡತಿ ಅಂದುಕೊಂಡೇ ಬದುಕಿದನಾ? ಯೋಚಿಸುತ್ತಲೇ ಅವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೊರಬಂದಳು. ಮನೆ ತಲುಪುವವರೆಗೂ ಕಣ್ಣೊರೆಸಿಕೊಳ್ಳಲಿಲ್ಲ.

*

ಕಿಲ್‌ಬ್ರೇ ಊರಿಗೂ ಗ್ಲಾಸ್ಗೋ ನಗರಕ್ಕೂ ನಡುವೆ ಹದಿನೈದು ವರ್ಷದ ಹಿಂದೆ ಉಳಿದಿದ್ದುದು ಒಂದೇ ಬಯಲು: ಲೋಗನ್ ಮನೆತನದ ಉದ್ದನೆ ಹೊಲ. ಬೆಳಗಾದರೆ ಅರ್ಧ ಊರು ರೈಲು ಹತ್ತಿ ನಗರಕ್ಕೆ ದುಡಿಯಲು ಹೋಗುತ್ತಿತ್ತು. ಸಂಜೆ ಹಿಂದಿರುಗುವಾಗ ಕಿಟಕಿಯಲ್ಲಿ ಆ ಹಸಿರೂ, ಅದರ ಮೇಲೆ ಲೋಗನ್ನರ ಹಸುಗಳೂ ಕಂಡರೆ ಸಾಕು, "ಅಬ್ಬ, ಮನೆ ಬಂತು" ಎಂದು ಜನ ಕೊರಳಿನ ಟೈ ಸಡಿಲಿಸಿಕೊಳ್ಳುತ್ತಿದ್ದರು.

ಅಲ್ಲಿ ಹೊಸ ಮನೆಗಳು ಏಳುತ್ತವಂತೆ ಎಂಬ ಸುದ್ದಿ ಹಬ್ಬಿದಾಗ ಊರಿಗೆ ಊರೇ ಎದ್ದು ನಿಂತಿತು. ಎಲ್ಲರಿಗಿಂತ ಮುಂದೆ ನಿಂತವಳು ಐಲ್ಸಾ.

"ಗ್ರೆಗರ್ ಇರೋವರೆಗೂ ಅಲ್ಲಿನ ಒಂದು ಹುಲ್ಲುಕಡ್ಡೀನೂ ಹೋಗಲ್ಲ. ನಾನು ಮಾತು ಕೊಡ್ತೀನಿ!" ಎಂದು ಮನೆಮನೆಗೂ ಹೋಗಿ ಹೇಳಿದ್ದಳು. ಬರುವ ಜೂನ್‌ನಲ್ಲಿ ಅವನ ಕೈ ಹಿಡಿಯುವವಳು. ಅವಳಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು?

ಊರ ಸಭಾಂಗಣದಲ್ಲಿ ಸಭೆ ಸೇರಿತು. ಗೋಡೆಗೆ ಒರಗಿ ನಿಲ್ಲಲೂ ಜಾಗವಿರಲಿಲ್ಲ. ಹೊಲ ಆಗಲೇ ಮಾರಾಟವಾಗಿದೆ ಎಂದು ಯಾರೋ ಕೂಗಿದರು. "ಮಾರಿದ್ದು ಯಾರು? ಎದ್ದು ನಿಲ್ಲಲಿ!"

ಮುಂದಿನ ಸಾಲಿನಲ್ಲಿ ಎಫಿ ಲೋಗನ್ ಬಿಳಿಚಿಕೊಂಡಿದ್ದರು. ಪಕ್ಕದಲ್ಲಿದ್ದ ಗ್ರೆಗರ್ ಎದ್ದು ನಿಂತ.

"ನಾನು."

ಅಷ್ಟೇ. ಇನ್ನೊಂದು ಮಾತಿಲ್ಲ. ಕಾರಣವಿಲ್ಲ, ಕ್ಷಮೆಯಿಲ್ಲ!

ಊರ ಮುಂದೆ ತಾನು ಕೊಟ್ಟ ಮಾತು, ತನ್ನ ಹೆಮ್ಮೆ ಎಲ್ಲವೂ ಕಾಲಡಿಯಲ್ಲಿ ಕುಸಿದಂತಾಗಿತ್ತು ಐಲ್ಸಾಳಿಗೆ. ಕಿವಿಯಲ್ಲಿ ಬೆಂಕಿ. ಬೆರಳಿನ ಉಂಗುರವನ್ನು ಎಳೆದು ತೆಗೆದು, ಅವನ ಮುಂದಿನ ಮೇಜಿನ ಮೇಲೆ ಇಟ್ಟಳು.

"ಹೊಲ ಮಾರಿದವನು ನಾಳೆ ಹೆಂಡತೀನೂ ಮಾರ್ತಾನೆ!"

ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇಂದಿಗೂ ಕೆಲವೊಮ್ಮೆ ಅವಳನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಗ್ರೆಗರ್ ಅವಳನ್ನೊಮ್ಮೆ ನೋಡಿದ. ಕೇಳು, ಒಂದೇ ಒಂದು ಸಲ ಯಾಕೆ ಅಂತ ಕೇಳು... ಎನ್ನುವಂತಿತ್ತು ಆ ನೋಟ. ಅವಳು ಮುಖ ತಿರುಗಿಸಿಕೊಂಡಳು. ಆ ವಾರವೇ ಅವನು ಊರು ಬಿಟ್ಟ.

ಆಮೇಲೆ ತಾಯಿಯನ್ನು ನೋಡಬೇಕೆನಿಸಿದಾಗ ಗ್ಲಾಸ್ಗೋವರೆಗೆ ಬರುತ್ತಿದ್ದ. ಎಫಿ ಬಸ್ ಹತ್ತಿ ಹೋಗುತ್ತಿದ್ದರು. ತಾಯಿ ಮಗ ಬಸ್ ನಿಲ್ದಾಣದ ಕಾಫಿ ಅಂಗಡಿಯಲ್ಲಿ ಕೂತು ಮಾತಾಡಿ, ಅವರು ಈ ಕಡೆ, ಇವನು ಆ ಕಡೆ. ಎಫಿಯ ಮಂಡಿ ಸೋತ ಮೇಲೆ ಅದೂ ನಿಂತಿತು.

*

ಗ್ರೆಗರ್ ಬಂದ ಮರುದಿನ ಬೆಳಿಗ್ಗೆ ಇಬ್ಬರೂ ನೀಲಿ ಉಡುಪು ತೆಗೆದುಕೊಂಡು ಹೊರಟರು. ಅಂತ್ಯಕ್ರಿಯೆಯ ಏರ್ಪಾಟು ಮಾಡುವವರ ಅಂಗಡಿಗೆ ಹತ್ತಿರದ ದಾರಿಯೆಂದರೆ ಹೊಸ ಬಡಾವಣೆಯ ನಡುವಿನದು. ಐಲ್ಸಾ ಸುತ್ತು ದಾರಿಗೆ ತಿರುಗಿದಳು. ಗ್ರೆಗರ್ ನಿಂತ.

"ಬೇಡ. ಇಲ್ಲೇ ಹೋಗೋಣ. ನೋಡಲೇಬೇಕಲ್ಲ."

ಹಸು ಮೇಯುತ್ತಿದ್ದಲ್ಲಿ ಒಂದೇ ಅಚ್ಚಿನ ಮನೆಗಳು. ಅಂಗಳದಲ್ಲಿ ಮಕ್ಕಳ ಸೈಕಲ್ಲು, ತಂತಿಯ ಮೇಲೆ ಅಂಗಿ. ಯಾರದೋ ಅಡುಗೆಮನೆಯಿಂದ ಈರುಳ್ಳಿ ಹುರಿಯುವ ವಾಸನೆ. ತಿರುವಿನಲ್ಲಿ ನೆಟ್ಟಿದ್ದ ಫಲಕವನ್ನು ಅವನು ಓದಿದ: ಲೋಗನ್ ರಸ್ತೆ.

"ಓಹೋ! ನಮ್ಮ ಹೆಸರು ಇಟ್ಟಿದ್ದಾರೆ. ಊರು ಬಿಟ್ಟು ಓಡಿಹೋದವರಿಗೂ ಮರ್ಯಾದೆ ಇದೆ ಬಿಡಿ."

ಅವನು ನಕ್ಕ. ಆ ನಗು ಕೇಳಲಾಗಲಿಲ್ಲ ಐಲ್ಸಾಳಿಗೆ. ಇನ್ನು ತಡೆದರೆ ಎಂದಿಗೂ ಹೇಳಲಾರೆ ಎನಿಸಿತು.

"ಗ್ರೆಗರ್... ಹೊಲ ಮಾರಿದ್ದು ನೀವಲ್ಲ. ನನಗೆ ಗೊತ್ತು."

ಅವನ ಹೆಜ್ಜೆ ನಿಂತಿತು.

"ಕಳೆದ ಚಳಿಗಾಲದಲ್ಲಿ ಎಫಿ ಅಮ್ಮ ಹೇಳಿದ್ರು. ತಲೆ ತೊಳೀತಿದ್ದೆ. ಇದ್ದಕ್ಕಿದ್ದಂಗೆ ಅಳೋಕೆ ಶುರು ಮಾಡಿದ್ರು. ಅವರ ಯಜಮಾನರು ಹಸು ಕಟ್ಟಿದ ಕಡೆಯೇ ಎದೆ ಹಿಡ್ಕೊಂಡು ಬಿದ್ದುಹೋದ್ರಲ್ಲ... ಮಗನೂ ಹಂಗೇ ಸಾಯೋದು ಬೇಡ, ಅವನೂ ಐಲ್ಸಾನೂ ಹಾಯಾಗಿರ್ಲಿ ಅಂತ ತಮ್ಮ ಹೆಸರಲ್ಲಿದ್ದ ಹೊಲಾನ ಯಾರಿಗೂ ಹೇಳ್ದೆ ಮಾರಿಬಿಟ್ರಂತೆ. ಸಭೆ ದಿನ ಹೆದರಿಕೊಂಡು ನಿಮ್ಮ ತೋಳು ಹಿಡ್ಕೊಂಡ್ರಂತೆ. ನೀವು ಎದ್ದು ನಿಂತುಬಿಟ್ರಿ."

"ಹೌದು," ಎಂದ ಅವನು ಮೆಲ್ಲಗೆ. "ನಾನು ಹೊರಗೆ ಹೋದ್ರೂ ಬದುಕ್ತೀನಿ. ಅವಳಿಗೆ ಈ ಊರು, ಈ ಚರ್ಚು, ಆ ಹೆಂಗಸರು ಬಿಟ್ರೆ ಬೇರೆ ಏನಿತ್ತು? ಊರು ಮುಖ ತಿರುಗಿಸಿದ್ರೆ ಸತ್ತೇ ಹೋಗ್ತಿದ್ದಳು." ತಕ್ಷಣ ಏನೋ ಹೊಳೆದವನಂತೆ ಅವಳತ್ತ ತಿರುಗಿದ. "ಕಳೆದ ಚಳಿಗಾಲ ಅಂದ್ರಾ?"

"ಫೋನ್ ಮಾಡಿದ್ದೆ! ನಿಮ್ಮ ನಂಬರ್ ಫ್ರಿಜ್ ಮೇಲೆ ಅಂಟಿಸಿತ್ತು. ನೀವು 'ಹಲೋ' ಅಂದ ತಕ್ಷಣ ಆ ಸಭೆ ನೆನಪಾಗೋದು. ಯಾವ ಬಾಯಲ್ಲಿ ಮಾತಾಡ್ಲಿ? ಇಟ್ಟುಬಿಡ್ತಿದ್ದೆ..."

"ನೀನಾ ಅದು?"

ವರ್ಷಗಳ ನಂತರ ಬಂದ ಆ 'ನೀನು' ಕೆಂಡದಂತೆ ಸುಟ್ಟಿತು.

"ಅಮ್ಮನೇ ಮರೆವಿನಲ್ಲಿ ಒತ್ತುತ್ತಿದ್ದಾಳೆ ಅಂದ್ಕೊಂಡಿದ್ದೆ ನಾನು! ನಿನಗೆ ಗೊತ್ತಿತ್ತು. ಒಂದು ಮಾತು, 'ಬಾ' ಅನ್ನೋ ಒಂದೇ ಒಂದು ಮಾತು ಹೇಳಿದ್ರೆ ಓಡಿ ಬರ್ತಿದ್ದೆ ಐಲ್ಸಾ. ಅವಳು ಜೀವಂತ ಇದ್ದಳು! ಅವಳ ಕೈ ಹಿಡ್ಕೊಂಡು, 'ನನಗೆ ಬೇಜಾರಿಲ್ಲಮ್ಮ' ಅಂತ ಹೇಳಬಹುದಿತ್ತು..."

"ಹೌದು," ಅಂದಳು.

ಅವನು ಅವಳ ಕೈಯಿಂದ ಉಡುಪಿನ ಚೀಲ ತೆಗೆದುಕೊಂಡ. "ಇದನ್ನ ನಾನೇ ಕೊಡ್ತೀನಿ. ಶುಕ್ರವಾರ ಮುಗಿದ ಮೇಲೆ ಹೊರಡ್ತೀನಿ. ಮತ್ತೆ ಈ ಕಡೆ ತಲೆ ಹಾಕಲ್ಲ."

ಲೋಗನ್ ರಸ್ತೆಯ ಮಧ್ಯದಲ್ಲಿ ಅವಳು ಒಬ್ಬಳೇ ನಿಂತಳು. ಕಿಟಕಿಯೊಂದರ ಪರದೆ ಸರಿದು, ಮತ್ತೆ ಮುಚ್ಚಿತು.

*

ಶುಕ್ರವಾರ ಚರ್ಚು ತುಂಬಿತ್ತು. ಸ್ಮಶಾನದಲ್ಲಿ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ಅದರ ಯಾವ ಹಗ್ಗವನ್ನು ಯಾರು ಹಿಡಿಯಬೇಕೆಂದು ಹೇಳುವುದು ಮಗನ ಹಕ್ಕು. ಗ್ರೆಗರ್ ತಲೆಯ ಕಡೆಯ ಹಗ್ಗ ಹಿಡಿದ. ಸೋದರಮಾವನ ಮಕ್ಕಳು, ನೆರೆಯವರು ಒಬ್ಬೊಬ್ಬರಾಗಿ ಬಂದು ನಿಂತರು. ಕಾಲ ಬಳಿಯ ಹಗ್ಗ ಹುಲ್ಲಿನ ಮೇಲೆ ಹಾಗೇ ಬಿದ್ದಿತ್ತು. ಜನ ಅವನ ಮುಖ ನೋಡಿದರು.

ಗುಂಪಿನ ಹಿಂದೆ, ಗೋಡೆಯ ಪಕ್ಕ ನಿಂತಿದ್ದಳು ಐಲ್ಸಾ.

"ಐಲ್ಸಾ, ಬಾ," ಎಂದ ಅವನು. ಧ್ವನಿಯಲ್ಲಿ ಪ್ರೀತಿಯಿರಲಿಲ್ಲ, ಕೋಪವೂ ಇರಲಿಲ್ಲ. "ಕೊನೆಗೆ ಅವಳನ್ನ ಎತ್ತಿ ಕೂರಿಸ್ತಿದ್ದವಳು ನೀನು. ಇಳಿಸೋಕೂ ನೀನು ಬೇಕು."

ಅವಳು ಬಂದು ಹಗ್ಗ ಹಿಡಿದಳು. ಪೆಟ್ಟಿಗೆಯ ಭಾರ ಅಂಗೈಯಲ್ಲಿ ಜಾರುತ್ತಾ ಹೋಯಿತು. ಕ್ಷಮಿಸಿ ಎಫಿ ಅಮ್ಮ... ನಿಮ್ಮ ಮಗನನ್ನ ನಿಮ್ಮ ಹತ್ತಿರ ಕರ್ಕೊಂಡು ಬರಬಹುದಿತ್ತು. ಕರ್ಕೊಂಡು ಬರಲಿಲ್ಲ ನಾನು.

ಆಮೇಲೆ ಎಲ್ಲರೂ ಊಟಕ್ಕೆ ಸಭಾಂಗಣಕ್ಕೆ ಬಂದರು. ಅದೇ ಸಭಾಂಗಣ, ಊರಲ್ಲಿ ಇರುವುದು ಅದೊಂದೇ. ಮಾಂಸದ ಕಡುಬು, ಬೇಯಿಸಿದ ಆಲೂಗಡ್ಡೆ, ಟೀ, ಗಂಡಸರಿಗೆ ಒಂದೊಂದು ಗುಟುಕು ವಿಸ್ಕಿ.

ಬರ್ಟ್ ಟೆನ್ನೆಂಟ್ ಎಂಬ ನಿವೃತ್ತ ರೈಲು ಚಾಲಕನಿಗೆ ಒಂದು ಗುಟುಕು ಹೆಚ್ಚೇ ಆಗಿತ್ತು.

"ಏನಪ್ಪಾ ಗ್ರೆಗರ್, ಹೊಲ ಆಯ್ತು. ಈಗ ಮನೇನೂ ಮಾರೋಕೆ ಬಂದ್ಯಾ?"

ಚಮಚಗಳ ಸದ್ದು ನಿಂತಿತು. ಗ್ರೆಗರ್ ತಲೆ ತಗ್ಗಿಸಿ ಆಲೂಗಡ್ಡೆ ಕತ್ತರಿಸುತ್ತಲೇ ಇದ್ದ.

ಐಲ್ಸಾ ಎದ್ದು ನಿಂತಳು. ಅವನು ಗಾಬರಿಯಿಂದ ಅವಳತ್ತ ನೋಡಿ ತಲೆಯಾಡಿಸಿದ. ಬೇಡ, ಅಮ್ಮನ ಹೆಸರು ಎತ್ತಬೇಡ... ಅವಳಿಗೆ ಅರ್ಥವಾಯಿತು. ಸತ್ತವರ ಗುಟ್ಟನ್ನು ಅವರನ್ನು ಮಣ್ಣು ಮಾಡಿದ ದಿನವೇ ಬಯಲಿಗೆಳೆಯುವುದೇ? ಅದು ಆಗದು. ಆದರೆ ಸುಮ್ಮನೆ ಕೂರುವುದೂ ಇನ್ನು ಆಗದು.

"ಅವತ್ತು ಇಲ್ಲೇ ನಿಂತು ನಾನೊಂದು ಮಾತಾಡಿದ್ದೆ," ಎಂದಳು. "ನೀವೆಲ್ಲ ಚಪ್ಪಾಳೆ ಹೊಡೆದ್ರಿ. ಹೊಲ ಹೋಗಿದ್ದು ಸರೀನೋ ತಪ್ಪೋ, ಅದು ಬೇರೆ. ನಾನು ಪ್ರೀತಿಸಿದವನನ್ನ 'ಯಾಕೆ' ಅಂತ ಒಂದು ಮಾತೂ ಕೇಳ್ದೆ, ಊರ ಮುಂದೆ ಕಳ್ಳನ ಹಾಗೆ ನಿಲ್ಲಿಸಿದೆ. ಅವನಿಗಿಂತ ನನ್ನ ಮರ್ಯಾದೆ ದೊಡ್ಡದು ಅನ್ಕೊಂಡೆ. ಅದು ತಪ್ಪು. ಎಲ್ಲರ ಎದುರಿಗೆ ಅಂದಿದ್ದು, ಎಲ್ಲರ ಎದುರಿಗೇ ಹೇಳ್ತಿದ್ದೀನಿ. ಗ್ರೆಗರ್, ನನ್ನ ಕ್ಷಮಿಸು. ಕ್ಷಮಿಸೋಕೆ ಆಗದಿದ್ರೂ... ಕೇಳಿದ್ದೀನಿ ಅಂತ ನಿನಗೆ ಗೊತ್ತಿರಲಿ."

ಬರ್ಟ್ ಲೋಟವನ್ನು ಕೆಳಗಿಟ್ಟ.

ಆಗ ಮೂಲೆಯ ಮೇಜಿನಿಂದ ನೆಟ್ಟಾ ಅಜ್ಜಿ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. ಎಫಿಯ ಬಾಲ್ಯದ ಗೆಳತಿ, ತೊಂಬತ್ತರ ಹತ್ತಿರದ ಮುದುಕಿ.

"ಬರ್ಟ್, ನಿನ್ನ ಮಗಳು ಎಲ್ಲಿದ್ದಾಳೋ ಈಗ? ಆ ಹೊಲದ ಮೇಲೆ ಕಟ್ಟಿದ ಮನೇಲೇ ತಾನೇ? ಹಂಗಾದ್ರೆ ಬಾಯಿ ಮುಚ್ಕೊಂಡು ಕಡುಬು ತಿನ್ನು." ಆಮೇಲೆ ಐಲ್ಸಾಳತ್ತ ತಿರುಗಿದಳು. "ನೀನೂ ಕೂತ್ಕೋ ಮಗಳೇ. ಮಾರಿದ್ದು ಎಫಿ ಅಂತ ನಮ್ಮ ಹೆಂಗಸರಿಗೇನು ಗೊತ್ತಿಲ್ವಾ?"

ಗ್ರೆಗರ್‌ನ ಕೈಯಿಂದ ಚಾಕು ತಟ್ಟೆಗೆ ಬಿತ್ತು.

"ಗೊತ್ತಿತ್ತಾ... ಯಾವಾಗಿಂದ?"

"ನೀನು ಊರು ಬಿಟ್ಟ ವಾರದಿಂದ! ನನ್ನ ಅಡುಗೆಮನೇಲಿ ಕೂತು ಅತ್ತಳು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಳು. ಆಮೇಲೆ ನೋಡಿದ್ರೆ ಗೆಳತಿ ಪೆಗ್ಗಿಗೂ ಹೇಳಿದ್ದಾಳೆ, ಪಾದ್ರಿಯ ಹೆಂಡತಿಗೂ ಹೇಳಿದ್ದಾಳೆ! ಎಫಿ ಹೊಟ್ಟೇಲಿ ಮಾತು ಯಾವತ್ತು ನಿಂತಿತ್ತಪ್ಪ? ನಮಗೆ ಗೊತ್ತು ಅಂತ ಗೊತ್ತಾದ್ರೆ ಅವಳಿಗೆ ನಾಚಿಕೆ ಆಗುತ್ತೆ ಅಂತ ಒಬ್ಬೊಬ್ಬರೂ ಸುಮ್ಮನಿದ್ವಿ."

"ಅವಳನ್ನ... ದೂರ ಮಾಡ್ಲಿಲ್ವಾ ನೀವು?"

"ದೂರಾನಾ? ಎಫೀನಾ? ನಾಲ್ಕು ದಿನ ಸಿಟ್ಟು ಬಂತು, ಹೋಯ್ತು. ಒಂದು ಹೊಲಕ್ಕೋಸ್ಕರ ಗೆಳತೀನ ಬಿಡ್ತಾರೇನೋ?"

"ಹಾಗಾದ್ರೆ ನಾನು ಊರು ಬಿಟ್ಟು ಹೋಗೋದೇ ಬೇಕಿರ್ಲಿಲ್ಲ..."

ನೆಟ್ಟಾಳ ಧ್ವನಿ ಇಳಿಯಿತು. "ಇರ್ಲಿಲ್ಲ ಮಗನೇ. ನೀನೇ ಬೇಕಂತ ಹೋದೆ, ಅಲ್ಲೇ ಸುಖವಾಗಿದ್ದೀಯ ಅಂದ್ಕೊಂಡ್ವಿ. ಯಾರಾದ್ರೂ ಒಬ್ಬರು ಬಾಯಿ ಬಿಟ್ಟಿದ್ರೆ ಸಾಕಾಗಿತ್ತು."

ಗ್ರೆಗರ್ ಎದ್ದ. ಯಾರ ಮುಖವನ್ನೂ ನೋಡದೆ ಹೊರಗೆ ನಡೆದ.

*

ಐಲ್ಸಾ ಅವನನ್ನು ಕಂಡದ್ದು ಚೆಂಡಾಟದ ಅಂಗಳದ ಬೆಂಚಿನ ಮೇಲೆ. ಮಧ್ಯಾಹ್ನದ ಬಿಸಿಲು ತೆಳ್ಳಗಿತ್ತು. ದೂರದಲ್ಲಿ ನಗರದ ಎತ್ತರದ ಕಟ್ಟಡಗಳು ಮಸುಕಾಗಿ ಕಾಣುತ್ತಿದ್ದವು. ಅವನ ಭುಜ ಕುಲುಕುತ್ತಿತ್ತು.

ಅವಳು ಬೆಂಚಿನ ಆ ತುದಿಗೆ ಕೂತಳು.

"ಬಸ್ ನಿಲ್ದಾಣದಲ್ಲಿ ಪ್ರತಿ ಸಲ ಹೇಳೋಳು, 'ಮನೆಗೆ ಬಾರೋ, ಒಂದು ರಾತ್ರಿ ಮಲ್ಕೊಂಡು ಹೋಗೋ' ಅಂತ," ಎಂದ ಅವನು. "ನಾನು ಬರದೇ ಇದ್ದು ಅವಳನ್ನ ಕಾಪಾಡ್ತಿದ್ದೀನಿ ಅಂದ್ಕೊಂಡಿದ್ದೆ. ಕಾಪಾಡೋಕೆ ಏನೂ ಇರ್ಲೇ ಇಲ್ಲ ಐಲ್ಸಾ..."

"ನಾನು ಫೋನಲ್ಲಿ ಮಾತಾಡಿದ್ರೆ..."

"ಸಾಕು. ನಿನ್ನ ಒಬ್ಬಳ ತಲೆ ಮೇಲೆ ಹಾಕಿ ನಾನು ತಪ್ಪಿಸ್ಕೊಳ್ಳೋಕಾಗಲ್ಲ." ಅಂಗೈಯಿಂದ ಮುಖ ಒರೆಸಿಕೊಂಡ. "ಅಮ್ಮನಿಗೋಸ್ಕರ ಸುಮ್ಮನಿದ್ದೆ ಅನ್ನೋದು ಅರ್ಧ ನಿಜ. ಸಭೆ ಮುಗಿದ ಮೇಲೆ ನಿನಗೊಬ್ಬಳಿಗೆ ಹೇಳಬಹುದಿತ್ತು. ನಿಮ್ಮ ಮನೆ ಗೇಟಿನವರೆಗೂ ಬಂದಿದ್ದೆ ಗೊತ್ತಾ? ಒಳಗೆ ದೀಪ ಉರೀತಿತ್ತು. ಅವಳೇ ನನ್ನ ನಂಬಲಿಲ್ಲ, ನಾನ್ಯಾಕೆ ಹೇಳ್ಲಿ ಅನ್ನೋ ಹಟ! ತಿರುಗಿ ಹೋದೆ."

ಐಲ್ಸಾಳ ಕಣ್ಣು ತುಂಬಿತು. ಆ ರಾತ್ರಿ ಅವಳು ಒಳಗೆ ದಿಂಬಿಗೆ ಮುಖ ಒತ್ತಿಕೊಂಡು, ಅವನು ಬಂದು ಬಾಗಿಲು ಬಡಿಯಲಿ ದೇವರೇ ಎಂದು ಬೇಡುತ್ತಿದ್ದಳು.

"ನಾನು ಕಾಯ್ತಿದ್ದೆ," ಅಂದಳು.

ಅವನು ಕಣ್ಣು ಮುಚ್ಚಿಕೊಂಡ. ಇಬ್ಬರ ಯೌವನವೂ ಒಂದು ಗೇಟಿನ ಆಚೆ ಈಚೆ ನಿಂತೇ ಮುಗಿದುಹೋಗಿತ್ತು.

"ನನಗೆ ನಲವತ್ತಾಯ್ತು ಗ್ರೆಗರ್. ಆ ವರ್ಷಗಳನ್ನ ಯಾರೂ ವಾಪಸ್ ಕೊಡಲ್ಲ."

"ಕೊಡಲ್ಲ." ಅವನು ಬೆಂಚಿನ ಮೇಲೆ ಸ್ವಲ್ಪ ಹತ್ತಿರ ಸರಿದ. "ನಿನ್ನ ಮೇಲೆ ಸಿಟ್ಟು ಇನ್ನೂ ಇದೆ ಐಲ್ಸಾ. ಸುಳ್ಳು ಹೇಳಲ್ಲ. ಒಂದೊಂದು ದಿನ ಮತ್ತೆ ಬರುತ್ತೆ."

"ಬರಲಿ. ಬಂದಾಗ ಬಾಯಿ ಬಿಟ್ಟು ಬೈದುಬಿಡು. ನುಂಗ್ಕೊಂಡು ಎಲ್ಲಿಗೂ ಹೋಗ್ಬೇಡ."

"ಪ್ರೀತಿನೂ ಇದೆ." ಅವನು ಅವಳತ್ತ ತಿರುಗಿದ. "ಅದು ಹೋಗಿದ್ರೆ ನಿನ್ನ ಸುದ್ದಿ ಎತ್ತಬೇಡ ಅಂತ ಅಮ್ಮನಿಗೆ ಯಾಕೆ ಹೇಳ್ತಿದ್ದೆ?"

ಐಲ್ಸಾ ಅಳುತ್ತಲೇ ಅವನ ಕೈ ಹಿಡಿದಳು. ಹಗ್ಗ, ಉಪ್ಪುನೀರು ತಿಂದು ಒರಟಾದ ಕೈ. ಅವನು ಬಿಡಿಸಿಕೊಳ್ಳಲಿಲ್ಲ. ಬೆರಳುಗಳು ನಿಧಾನವಾಗಿ ಅವಳ ಬೆರಳುಗಳ ನಡುವೆ ದಾರಿ ಹುಡುಕಿಕೊಂಡವು.

"ಸೋಮವಾರ ಹಡಗು ಹತ್ತಬೇಕು ನಾನು. ಕೆಲಸ ಇದೆ," ಎಂದ.

"ಹೂಂ."

"ಆ ದ್ವೀಪದಲ್ಲಿ ಒಂದು ಮರಾನೂ ಇಲ್ಲ ಕಣೇ. ಗಾಳಿ ಅಂದ್ರೆ ಗಾಳಿ. ಒಗೆದು ಹಾಕಿದ ಬಟ್ಟೆ ಸಮುದ್ರದಾಚೆ ನಾರ್ವೆಗೇ ಹೋಗಿ ಬೀಳುತ್ತೆ."

"ಇದನ್ನೆಲ್ಲ ನನಗ್ಯಾಕೆ ಹೇಳ್ತಿದ್ದೀಯ?"

"ಬರೋರಿಗೆ ಮೊದಲೇ ಹೇಳಿಬಿಡಬೇಕಲ್ಲ."

ಅವಳು ಮೂಗೆಳೆದುಕೊಂಡು, ಅವನ ಭುಜಕ್ಕೆ ತಲೆ ಒರಗಿಸಿದಳು.

"ದಪ್ಪ ಕೋಟು ಒಂದಿದೆ ನನ್ನ ಹತ್ತಿರ," ಅಂದಳು. "ಹಡಗು ಎಷ್ಟು ಹೊತ್ತಿಗೆ?"